ಸೀಲು ಹಾಕಿಸಿಕೊಂಡು ಬನ್ನಿ

ತಾಲ್ಲೂಕು ಕಚೇರಿ ಎದುರಿನ ಸಾಲಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಹಳೇ ಜೆರಾಕ್ಸ್ ಮಷೀನು, ಮೂಲೆಯಲ್ಲಿ ಲ್ಯಾಮಿನೇಷನ್. ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ ಅಂತ ಜೆರಾಕ್ಸಿಗೆ ಬರುವವರು ಬರುತ್ತಲೇ ಇರುತ್ತಾರೆ. ಆದರೆ ದಿನದಲ್ಲಿ ಜಾಸ್ತಿ ಹೊತ್ತು ನಾನು ಮಾಡುವ ಕೆಲಸ ಅರ್ಜಿ ಟೈಪ್ ಮಾಡುವುದು. ಇವರಿಗೆ, ಇವರಿಂದ, ವಿಷಯ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ... ಈ ಸಾಲುಗಳು ಬೆರಳಿಗೆ ಬಾಯಿಪಾಠ ಆಗಿಬಿಟ್ಟಿವೆ.

ಹತ್ತು ವರ್ಷದಲ್ಲಿ ಏನೇನೋ ಅರ್ಜಿ ಹೊಡೆದಿದ್ದೇನೆ. ಚರಂಡಿ, ಸ್ಮಶಾನದ ದಾರಿ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್, ನಿಂತುಹೋದ ವಿಧವಾ ವೇತನ, ಅಂಗನವಾಡಿಯ ಸೋರುವ ಸೂರು. ಅದರಲ್ಲಿ ಎಷ್ಟೋ ಅರ್ಜಿ ಏನಾದವು ಅಂತ ಬರೆಸಿಕೊಂಡು ಹೋದವರಿಗೇ ಗೊತ್ತಿಲ್ಲ. ಆರು ತಿಂಗಳಾದ ಮೇಲೆ ಅದೇ ಮನುಷ್ಯ ಅದೇ ವಿಷಯಕ್ಕೆ ಮತ್ತೆ ಬರುತ್ತಾರೆ. "ಹೋದ ಸಲದ್ದರ ಕಾಪಿ ಇದೆಯಾ?" ಅಂದರೆ ಇಲ್ಲ. "ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡಿದ್ದೀರಾ?" ಅಂದರೆ ಮುಖ ನೋಡುತ್ತಾರೆ. "ಸಾಹೇಬ್ರ ಕೈಗೇ ಕೊಟ್ವಲ್ಲ ಮೇಡಂ, ನೋಡ್ತೀವಿ ಅಂದ್ರು."

ಸಾಹೇಬರ ಕೈಗೆ ಕೊಟ್ಟ ಅರ್ಜಿಗೆ ಸಾಕ್ಷಿ ಇಲ್ಲ. ಟಪಾಲು ಮೇಜಿಗೆ ಕೊಟ್ಟು, ನಂಬರು ಹಾಕಿಸಿ, ನಮ್ಮ ಕಾಪಿಯ ಮೇಲೆ ಸೀಲು ಒತ್ತಿಸಿಕೊಂಡ ಅರ್ಜಿಗೆ ಸಾಕ್ಷಿ ಇದೆ. ಇದು ನನಗೂ ಮೊದಲು ಸರಿಯಾಗಿ ಗೊತ್ತಿರಲಿಲ್ಲ. ದುಡ್ಡು ಇಸಿದುಕೊಂಡು ಟೈಪ್ ಮಾಡಿ ಕೊಡುತ್ತಿದ್ದೆ, ಅಷ್ಟೇ. ನಮ್ಮೂರಿನ ಬಸ್ಸು ನಿಂತಾಗ ಗೊತ್ತಾಯಿತು.

ನಮ್ಮೂರು ಶಿರಾ ಕಡೆ, ಹೈವೇಯಿಂದ ಒಳಗೆ ಒಂಬತ್ತು ಕಿಲೋಮೀಟರು. ಬೆಳಗ್ಗೆ ಏಳೂಕಾಲಿಗೆ ಒಂದು ಸರ್ಕಾರಿ ಬಸ್ಸು ಬರುತ್ತಿತ್ತು. ನಾಲ್ಕು ಊರು ಸುತ್ತಿಕೊಂಡು ಪೇಟೆಗೆ ಹೋಗುತ್ತಿತ್ತು. ಕಾಲೇಜಿನ ಮಕ್ಕಳು, ಹಾಲಿನವರು, ಆಸ್ಪತ್ರೆಗೆ ಹೋಗುವ ಮುದುಕರು, ನಾನು, ಎಲ್ಲರಿಗೂ ಅದೊಂದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಲ್ಲ ಬಸ್ಸಿನ ಜೊತೆ ಅದೂ ನಿಂತಿತು. ಆಮೇಲೆ ಬೇರೆ ಬಸ್ಸುಗಳು ಒಂದೊಂದಾಗಿ ಬಂದವು. ನಮ್ಮದು ಬರಲಿಲ್ಲ. ಕೇಳಿದರೆ "ಬರುತ್ತೆ, ಬರುತ್ತೆ". 2022ರ ಜೂನ್‌ನಲ್ಲಿ ಕಾಲೇಜು ಶುರುವಾದಾಗಲೂ ಇಲ್ಲ. ಲಗೇಜ್ ಆಟೋದಲ್ಲಿ ಹದಿನಾಲ್ಕು ಜನ ನಿಂತುಕೊಂಡು ಹೈವೇವರೆಗೆ ಹೋಗುವುದು, ಅಲ್ಲಿಂದ ಯಾವುದಾದರೂ ಬಸ್ಸಿಗೆ ಕೈ ಒಡ್ಡುವುದು. ಹೋಗಿ ಬರಲು ದಿನಕ್ಕೆ ಐವತ್ತು ಅರವತ್ತು ರೂಪಾಯಿ. ಪಾಸ್ ಇದ್ದೂ ಬಸ್ಸಿಲ್ಲ. ಕೂಲಿ ಮಾಡುವ ಮನೆಯವರು ಎಷ್ಟು ದಿನ ಅಂತ ಕೊಡುತ್ತಾರೆ? ಮೂರು ಹುಡುಗಿಯರು ಪಿಯುಸಿ ಬಿಟ್ಟು ಮನೆಯಲ್ಲಿ ಕೂತರು. ಅದರಲ್ಲಿ ಒಬ್ಬಳಿಗೆ ದೀಪಾವಳಿ ಹೊತ್ತಿಗೆ ಗಂಡು ನೋಡುವುದಕ್ಕೂ ಶುರು ಮಾಡಿದರು.

ಮೊದಲ ಸಲ ಊರಿನ ಗಂಡಸರು ಹತ್ತು ಜನ ಸೇರಿ ಒಂದು ಮನವಿ ಕೊಟ್ಟರು. ನನ್ನ ಅಂಗಡಿಯಲ್ಲೇ ಟೈಪ್ ಆಗಿದ್ದು. "ನಮ್ಮ ಗ್ರಾಮಕ್ಕೆ ಬಸ್ ವ್ಯವಸ್ಥೆ ಇಲ್ಲದೆ ಸಾರ್ವಜನಿಕರಿಗೆ ತುಂಬಾ ತೊಂದರೆಯಾಗುತ್ತಿದ್ದು, ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ." ಇಷ್ಟೇ. ಒಂದು ಸಮಾರಂಭದಲ್ಲಿ ದೊಡ್ಡವರೊಬ್ಬರಿಗೆ ಹಾರ ಹಾಕಿ ಅದನ್ನು ಕೈಗೆ ಕೊಟ್ಟರು. ಫೋಟೋ ತೆಗೆಸಿಕೊಂಡರು. ಆ ಫೋಟೋ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರ ಓಡಾಡಿತು. ಮನವಿ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಆಮೇಲೆ ನಮ್ಮೂರಿನ ನಿವೃತ್ತ ಮೇಷ್ಟ್ರು ಒಂದು ದಿನ ಅಂಗಡಿಗೆ ಬಂದರು. ನನಗೆ ನಾಲ್ಕನೇ ಕ್ಲಾಸಿನಲ್ಲಿ ಪಾಠ ಮಾಡಿದವರು. ಆ ಮನವಿಯ ಕಾಪಿ ಕಂಪ್ಯೂಟರಿನಲ್ಲಿತ್ತು, ತೆಗೆದು ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿದರು.

"ಎಷ್ಟು ಜನಕ್ಕೆ ತೊಂದರೆ ಅಂತ ಇದರಲ್ಲಿ ಎಲ್ಲಿದೆಯಮ್ಮ?"

"ತುಂಬಾ ಅಂತ ಹಾಕಿದೀನಲ್ಲ ಮೇಷ್ಟ್ರೇ."

"ತುಂಬಾ ಅಂದ್ರೆ ಎಷ್ಟು? ಡಿಪೋದವರಿಗೆ ಬಸ್ಸು ಓಡಿಸೋಕೆ ತಲೆ ಲೆಕ್ಕ ಬೇಕು. ನೀವು ಕಣ್ಣೀರು ಬರೆದುಕೊಟ್ಟಿದ್ದೀರಿ."

ಆ ಮಾತು ನನಗೆ ನಾಟಿತು. ಮಾರನೇ ದಿನದಿಂದ ಇಬ್ಬರು ಹುಡುಗಿಯರು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತರು. ಅರಳಿಕಟ್ಟೆ ಪಕ್ಕ, ಬೆಳಗ್ಗೆ ಆರೂವರೆಯಿಂದ ಎಂಟೂವರೆ. ಸೋಮವಾರದಿಂದ ಶನಿವಾರ, ಆರು ದಿನ. ಯಾರು, ಎಲ್ಲಿಗೆ, ಯಾಕೆ, ಪಾಸ್ ಇದೆಯಾ, ಹೇಗೆ ಹೋದರು. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಮೊದಲ ಪುಟದಲ್ಲಿ ಸ್ಕೇಲಿಟ್ಟು ನೀಟಾಗಿ ಗೆರೆ ಎಳೆದಿದ್ದಾರೆ. ಮೂರನೇ ದಿನ ಮಳೆ ಬಂದು ಇಂಕು ಹರಡಿ ಅರ್ಧ ಪುಟ ನೀಲಿಯಾಗಿದೆ. ಅದರ ಕೆಳಗೆ "ಮಳೆ, ಆಟೋ ಬರಲಿಲ್ಲ, 22 ಜನ ವಾಪಸ್" ಅಂತ ಬರೆದಿದ್ದಾರೆ. ಅಷ್ಟು ವರ್ಷ ನಾನು ಹೊಡೆದ ಅರ್ಜಿಗಳಲ್ಲಿ ಈ ಒಂದು ಸಾಲಿನಷ್ಟು ತೂಕ ಯಾವುದಕ್ಕೂ ಇರಲಿಲ್ಲ.

ಲೆಕ್ಕ ಹಾಕಿದರೆ ನಾಲ್ಕು ಊರಿನಿಂದ ವಿದ್ಯಾರ್ಥಿಗಳೇ 63 ಜನ. 38 ಹುಡುಗಿಯರು. ಪಾಸ್ ಮಾಡಿಸಿದವರು 41. ಇದನ್ನೆಲ್ಲ ಒಂದು ಪುಟದಲ್ಲಿ ಇಳಿಸಿದೆವು. ಬಸ್ಸು ಯಾವ ತಾರೀಖಿನಿಂದ ನಿಂತಿದೆ, ಮೊದಲು ಎಷ್ಟು ಗಂಟೆಗೆ ಬರುತ್ತಿತ್ತು, ಯಾವ್ಯಾವ ಊರು ಮುಟ್ಟುತ್ತಿತ್ತು, ಈಗ ಏನು ಬೇಕು. ಬೇಡಿಕೆ ಒಂದೇ ಒಂದು: ಏಳೂಕಾಲಿನ ಬಸ್ಸು. ರಸ್ತೆ ಗುಂಡಿಯನ್ನೂ ಸೇರಿಸಿ, ಬೀದಿ ದೀಪವನ್ನೂ ಸೇರಿಸಿ ಅಂತ ಊರವರು ಹೇಳಿದರು. ಮೇಷ್ಟ್ರು ಬಿಡಲಿಲ್ಲ. ಒಂದು ಅರ್ಜಿಯಲ್ಲಿ ನಾಲ್ಕು ವಿಷಯ ಇದ್ದರೆ ನಾಲ್ಕು ಇಲಾಖೆಯವರೂ ಇನ್ನೊಬ್ಬರದು ಅಂತ ಪಕ್ಕಕ್ಕೆ ಇಡುತ್ತಾರೆ. ಸಹಿ ಹಾಕಿದವರು 212 ಜನ. ಪ್ರತಿ ಸಹಿಯ ಎದುರು ಹೆಸರು, ಊರು. ಹೆಬ್ಬೆಟ್ಟು ಒತ್ತಿದವರ ಪಕ್ಕದಲ್ಲಿ ಅದು ಯಾರದು ಅಂತ ಬರೆದೆವು.

ಡಿಪೋಗೆ ನಾವು ಐದು ಹೆಂಗಸರು, ಮೇಷ್ಟ್ರು, ನಾಲ್ಕು ಹುಡುಗಿಯರು ಹೋದೆವು. ಗುಮಾಸ್ತರು ಅರ್ಜಿ ಇಸಿದುಕೊಂಡು ಡ್ರಾಯರಿಗೆ ಹಾಕಿದರು. "ಆಯ್ತಮ್ಮ, ಹೋಗಿ ಬನ್ನಿ."

ಎರಡನೇ ಕಾಪಿ ಮುಂದಿಟ್ಟು "ಸಾರ್, ಇದರ ಮೇಲೆ ಸೀಲು ಹಾಕಿ, ತಾರೀಖು ಹಾಕಿ ಕೊಡಿ" ಅಂದೆ.

"ಅದೆಲ್ಲ ಬೇಕಾಗಿಲ್ಲಮ್ಮ, ನಾವು ನೋಡ್ಕೋತೀವಿ."

"ಬೇಕು ಸಾರ್."

"ಸೀಲು ಇರೋರು ಊಟಕ್ಕೆ ಹೋಗಿದಾರೆ."

"ಕಾಯ್ತೀವಿ ಸಾರ್."

ಒಂದೂವರೆ ಗಂಟೆ ಆ ಬೆಂಚಿನ ಮೇಲೆ ಕೂತೆವು. ಯಾರೂ ಕೂಗಾಡಲಿಲ್ಲ. ಹುಡುಗಿಯರು ಬ್ಯಾಗಿನಿಂದ ಪುಸ್ತಕ ತೆಗೆದು ಓದುತ್ತಾ ಕೂತಿದ್ದರು. ಮೂರು ಗಂಟೆಗೆ ಸೀಲು ಬಂತು. ನೇರಳೆ ಬಣ್ಣದ ದುಂಡು ಸೀಲು, ಅರ್ಧ ಸರಿಯಾಗಿ ಮೂಡಿರಲಿಲ್ಲ, ಪಕ್ಕದಲ್ಲಿ ಪೆನ್ನಿನಲ್ಲಿ ಸ್ವೀಕೃತಿ ನಂಬರು, ತಾರೀಖು. ಆಚೆ ಬಂದ ಮೇಲೆ ಒಬ್ಬ ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ಅಕ್ಕ, ಇದು ನಮ್ಮ ಹಾಲ್ ಟಿಕೆಟ್ ಇದ್ದಂಗೆ ಅಲ್ವಾ" ಅಂದಳು.

ಎರಡು ತಿಂಗಳು ಕಾದೆವು. ಉತ್ತರ ಇಲ್ಲ. ಆಮೇಲೆ ಮಾಹಿತಿ ಹಕ್ಕಿನಲ್ಲಿ, ಅಂದರೆ ಸರ್ಕಾರಿ ಕಚೇರಿಯ ಕಾಗದ ಕೇಳಿ ಪಡೆಯುವ ಕಾನೂನಿನಲ್ಲಿ, ಅರ್ಜಿ ಹಾಕಿದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಗೆ ಬರುವವರಲ್ಲಿ ತುಂಬಾ ಜನಕ್ಕೆ ಇದು ವಕೀಲರು ಮಾಡುವ ಕೆಲಸ ಅಂತ ಭಯ ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ, ಕಾರ್ಡಿನ ಕಾಪಿ ಲಗತ್ತಿಸಿದರೆ ಆಯಿತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ತಪ್ಪು ಕಚೇರಿಗೆ ಹಾಕಿದರೆ ಐದು ದಿನದಲ್ಲಿ ಅವರೇ ಸರಿಯಾದ ಕಚೇರಿಗೆ ಕಳಿಸಬೇಕು. ಉತ್ತರ ಬರದಿದ್ದರೆ, ಬಂದದ್ದು ಅರೆಬರೆ ಇದ್ದರೆ, ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೂವತ್ತು ದಿನದ ಒಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ, ತೊಂಬತ್ತು ದಿನದ ಒಳಗೆ.

ಮುಖ್ಯವಾದದ್ದು ಏನು ಕೇಳಬೇಕು ಅನ್ನುವುದು. "ನಮ್ಮ ಬಸ್ಸು ಯಾಕೆ ಬಿಡುತ್ತಿಲ್ಲ?" ಅಂತ ಕೇಳಬಾರದು. ಯಾಕೆ ಅನ್ನುವ ಪ್ರಶ್ನೆಗೆ "ಇದು ಮಾಹಿತಿ ಅಲ್ಲ" ಅಂತ ವಾಪಸ್ ಬರುತ್ತದೆ. ಕಾಗದ ಕೇಳಬೇಕು. ಈ ಮಾರ್ಗದ ಬಸ್ಸನ್ನು ನಿಲ್ಲಿಸಿದ ಆದೇಶದ ಪ್ರತಿ ಕೊಡಿ. 2020ರ ಜನವರಿ, ಫೆಬ್ರವರಿಯಲ್ಲಿ ಈ ಬಸ್ಸಿನ ದಿನದ ಕಲೆಕ್ಷನ್ ಎಷ್ಟು, ಅದರ ದಾಖಲೆ ಕೊಡಿ. ಇಂಥ ತಾರೀಖಿನ, ಇಂಥ ನಂಬರಿನ ನಮ್ಮ ಮನವಿಯ ಮೇಲೆ ಕಡತದಲ್ಲಿ ಏನು ಬರೆದಿದೆ, ಆ ಟಿಪ್ಪಣಿ ಹಾಳೆಯ ಪ್ರತಿ ಕೊಡಿ. ನೋಡಿ, ಈ ಕೊನೆಯ ಪ್ರಶ್ನೆ ಕೇಳುವುದಕ್ಕೆ ಆ ನೇರಳೆ ಸೀಲೇ ಬೇಕಾಯಿತು.

ಇಪ್ಪತ್ತೇಳನೇ ದಿನಕ್ಕೆ ಉತ್ತರ ಬಂತು. ಬಸ್ಸು ನಿಲ್ಲಿಸಿ ಅಂತ ಯಾವ ಆದೇಶವೂ ಆಗಿರಲಿಲ್ಲ! "ಸಿಬ್ಬಂದಿ ಕೊರತೆಯಿಂದ ತಾತ್ಕಾಲಿಕವಾಗಿ ಸ್ಥಗಿತ" ಅಂತ ಒಂದು ಸಾಲು ಇತ್ತು, ಅಷ್ಟೇ. ನಮ್ಮ ಮನವಿ ಬಂದಿದೆ ಅಂತ ನಮೂದು ಇತ್ತು, ಅದರ ಮೇಲೆ ಏನೂ ಬರೆದಿರಲಿಲ್ಲ. ಈ ಎರಡು ಹಾಳೆಯನ್ನು ಲಗತ್ತಿಸಿ ಮೇಲಿನ ಕಚೇರಿಗೆ ಬರೆದೆವು. ಅಲ್ಲಿಯೂ ಸೀಲು. 2023ರ ಫೆಬ್ರವರಿಯ ಒಂದು ಸೋಮವಾರ ಏಳೂ ಇಪ್ಪತ್ತಕ್ಕೆ ಬಸ್ಸು ಬಂತು. ಹಾರ್ನ್ ಕೇಳಿದ ತಕ್ಷಣ ನಮ್ಮ ಬೀದಿಯ ಅಜ್ಜಿ ಒಬ್ಬರು ಮನೆಯಿಂದ ಅರಿಶಿನ ಕುಂಕುಮ ತಂದು ಬಸ್ಸಿನ ಮುಂದೆ ಹಚ್ಚಿದರು. ಡ್ರೈವರಣ್ಣ ಇಳಿದು ಬಂದು ಕಾಯಿ ಒಡೆದರು. ಕಾಲೇಜು ಬಿಟ್ಟ ಮೂವರಲ್ಲಿ ಇಬ್ಬರು ಆ ಜೂನ್‌ನಲ್ಲಿ ಮತ್ತೆ ಸೇರಿಕೊಂಡರು. ಮೂರನೆಯವಳಿಗೆ ಮದುವೆ ಆಗಿಹೋಗಿತ್ತು. ಅವಳ ವಿಷಯ ನೆನಪಾದಾಗ ಆ ಮೊದಲನೇ ಮನವಿಯನ್ನೇ ಸರಿಯಾಗಿ ಬರೆದಿದ್ದರೆ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈ ಮಾಹಿತಿ ಹಕ್ಕು ಅನ್ನುವುದೇ ಹಳ್ಳಿಯವರು ಕೇಳಿ ಕೇಳಿ ಪಡೆದದ್ದು ಅಂತ ನನಗೆ ಆಮೇಲೆ ಗೊತ್ತಾಯಿತು. ರಾಜಸ್ಥಾನದಲ್ಲಿ ಬರಗಾಲದ ಕಾಮಗಾರಿಗೆ ಹೋದ ಕೂಲಿಯವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಲೆಕ್ಕ ತೋರಿಸಿ ಅಂದರೆ ಅದು ಸರ್ಕಾರದ ಗುಟ್ಟು ಅನ್ನುತ್ತಿದ್ದರು. 1990ರಲ್ಲಿ ಶುರುವಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಹಾಜರಿ ಪಟ್ಟಿ, ಬಿಲ್ಲು, ವೋಚರು ಕೊಡಿ ಅಂತ ಹಟ ಹಿಡಿದರು. 1996ರಲ್ಲಿ ಬ್ಯಾವರ್ ಅನ್ನುವ ಪೇಟೆಯಲ್ಲಿ ನಲವತ್ತು ದಿನ ಧರಣಿ ಕೂತರು. "ನಮ್ಮ ದುಡ್ಡು, ನಮ್ಮ ಲೆಕ್ಕ" ಅನ್ನುವುದು ಅವರ ಘೋಷಣೆ. ಕೂಲಿಯ ಲೆಕ್ಕ ಕೇಳಿದ್ದು ದೇಶದ ಕಾನೂನು ಆಯಿತು, 2005ರ ಅಕ್ಟೋಬರ್ 12ಕ್ಕೆ ಜಾರಿಗೆ ಬಂತು. ನಮ್ಮ ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲೇ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು. ಆ ನಲವತ್ತು ದಿನ ಬಿಸಿಲಿನಲ್ಲಿ ಕೂತವರಿಗೆ ನಮ್ಮೂರಿನ ಏಳೂಕಾಲಿನ ಬಸ್ಸು ಗೊತ್ತಿರಲಿಲ್ಲ. ಆದರೂ ಅವರು ಕೂತಿದ್ದರಿಂದಲೇ ನಮಗೆ ಆ ಎರಡು ಹಾಳೆ ಸಿಕ್ಕಿದ್ದು.

ಅರ್ಜಿಯಿಂದ ಏನೂ ಆಗಲ್ಲ ಅನ್ನುವವರು ದಿನಾ ಅಂಗಡಿಗೆ ಬರುತ್ತಾರೆ. ಅವರ ಮಾತು ಸುಳ್ಳಲ್ಲ, ಅರ್ಜಿ ಒಂದರಿಂದಲೇ ಆಗುವುದು ಕಡಿಮೆ. ಶಿರಸಿ ತಾಲ್ಲೂಕಿನ ಸಲ್ಕಣಿ ಕಡೆಯವರನ್ನೇ ನೋಡಿ. ಕಾಡು ಕಡಿಯುವುದನ್ನು ನಿಲ್ಲಿಸಿ ಅಂತ ಅವರು ಮೊದಲು ಅರಣ್ಯ ಇಲಾಖೆಯನ್ನು ಕೇಳಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಮಳೆ ಇರುವಾಗಲೇ ಹೆಂಗಸರು, ಗಂಡಸರು, ಮಕ್ಕಳು ಕಾಡಿಗೆ ನಡೆದು ಮರ ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ. ಉಳಿಸು, ಬೆಳೆಸು, ಬಳಸು ಅಂದರು. ಅಲ್ಲಿನ ಕಡಿತ ನಿಂತಿತು. ಕೇಳಿದ್ದಕ್ಕೆ ಉತ್ತರ ಬರಲಿಲ್ಲ ಅಂತ ಮನೆಗೆ ಹೋಗಿದ್ದರೆ ಅಪ್ಪಿಕೋ ಇರುತ್ತಿರಲಿಲ್ಲ. ಹಾಗೇ, ಕೇಳದೆಯೇ ನೇರ ಕಾಡಿಗೆ ಹೋಗಿದ್ದರೆ "ಮೊದಲು ನಮ್ಮ ಹತ್ತಿರ ಬರಬೇಕಿತ್ತು" ಅನ್ನುವುದಕ್ಕೆ ಇಲಾಖೆಗೆ ಜಾಗ ಸಿಗುತ್ತಿತ್ತು. ಎರಡೂ ಬೇಕು ಅಂತ ನನ್ನ ಅನಿಸಿಕೆ.

ಗದಗದ ಕಪ್ಪತಗುಡ್ಡದ ಕಥೆಯೂ ನನಗೆ ತುಂಬಾ ಹತ್ತಿರ. ಅದಕ್ಕೆ 2015ರ ಕೊನೆಗೆ ಸಂರಕ್ಷಿತ ಪ್ರದೇಶ ಅಂತ ಮಾನ್ಯತೆ ಸಿಕ್ಕಿತ್ತು, ಒಂದೇ ವರ್ಷದಲ್ಲಿ ಸರ್ಕಾರ ವಾಪಸ್ ತೆಗೆದುಕೊಂಡಿತು. ಜನ ಸುಮ್ನೆ ಕೂರಲಿಲ್ಲ. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ, ಎಸ್.ಆರ್. ಹಿರೇಮಠ ಇಂಥವರು ಮುಂದೆ ನಿಂತರು, 2017ರಲ್ಲಿ ಗದಗದಲ್ಲಿ ಉಪವಾಸ ನಡೆಯಿತು. ಏಪ್ರಿಲ್ ಹೊತ್ತಿಗೆ ಮಾನ್ಯತೆ ಮತ್ತೆ ಬಂತು. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. ಬೆಂಗಳೂರಿನವರು ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗಿನ ಸ್ಟೀಲ್ ಫ್ಲೈಓವರ್ ಬೇಡ ಅಂದದ್ದೂ ಸುಮಾರು ಅದೇ ಹೊತ್ತಿಗೆ. 800ಕ್ಕೂ ಜಾಸ್ತಿ ಮರ ಹೋಗುತ್ತಿದ್ದವು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ಇನ್ನೊಂದು ಕಡೆ ಹಸಿರು ನ್ಯಾಯಮಂಡಳಿಯಲ್ಲಿ ಕೇಸು ನಡೆಯುತ್ತಿತ್ತು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಆಗದೇ ಇದ್ದದ್ದನ್ನೂ ಹೇಳಬೇಕು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ಪಾದಯಾತ್ರೆ ಮಾಡಿದರಲ್ಲ, ಮದ್ಯ ನಿಷೇಧ ಮಾಡಿ ಅಂತ, ಅವರು ನಮ್ಮ ಹೈವೇ ಮೇಲೇ ಹೋದರು. ಸುಮಾರು ಇನ್ನೂರು ಕಿಲೋಮೀಟರು, ಹನ್ನೆರಡು ದಿನ. ಸಾವಿರಾರು ಜನ. ನಾನು ನೋಡಲಿಕ್ಕೆ ಅಂತಲೇ ಹೋಗಿ ನಿಂತಿದ್ದೆ. ಸೆರಗು ತಲೆಗೆ ಹೊದ್ದು, ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಸಾಲಾಗಿ ಬರುತ್ತಿದ್ದರು. ಪಕ್ಕದಲ್ಲಿ ಲಾರಿಗಳು ಗಾಳಿ ಎರಚಿಕೊಂಡು ಹೋಗುತ್ತಿದ್ದವು. ರಾಯಚೂರು ಕಡೆಯ ಒಬ್ಬ ಅವ್ವ ನೀರು ಕೇಳಿದರು. ಬಾಟಲಿ ಕೊಟ್ಟೆ. ಹವಾಯಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ ಪಿನ್ನು ಹಾಕಿಕೊಂಡಿದ್ದರು, ಹಿಮ್ಮಡಿಯಲ್ಲಿ ಬೊಬ್ಬೆ ಒಡೆದಿತ್ತು. ಇಷ್ಟು ದೂರ ಯಾಕೆ ನಡೀತೀರವ್ವ ಅಂತ ಕೇಳಿದೆ. "ಎಲ್ಲಾರ್ಗೂ ಬರದು ಕೊಟ್ಟೀವಿ ತಂಗಿ, ಯಾರೂ ಓದ್ಲಿಲ್ಲ. ಅದಕ್ಕ ಬಾಯಿಲೆ ಹೇಳಾಕ ಹೊಂಟೀವಿ" ಅಂದರು. ಜನವರಿ 30ಕ್ಕೆ ಬೆಂಗಳೂರು ಮುಟ್ಟಿದರು. ಮದ್ಯ ನಿಷೇಧ ಆಗಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ಅವತ್ತಿನಿಂದ ನನ್ನ ಅಂಗಡಿಗೆ "ನಮ್ಮೂರಲ್ಲಿ ಕಿರಾಣಿ ಅಂಗಡೀಲಿ ಸಾರಾಯಿ ಪ್ಯಾಕೆಟ್ ಮಾರ್ತಾರೆ, ಒಂದು ಕಂಪ್ಲೇಂಟ್ ಹೊಡ್ಕೊಡಿ" ಅಂತ ಹೆಂಗಸರು ಬಂದರೆ ನಾನು ದುಡ್ಡು ಇಸಿದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ, ಭಾಷೆಯದ್ದು. ನನ್ನ ಚಿಕ್ಕಪ್ಪನ ಮಗ ಗ್ರಾಮೀಣ ಬ್ಯಾಂಕಿನ ಪರೀಕ್ಷೆಗೆ ಎರಡು ಸಲ ಕೂತ. ಲೆಕ್ಕದಲ್ಲಿ ಗಟ್ಟಿಗ. ಆದರೆ ಪ್ರಶ್ನೆ ಪತ್ರಿಕೆ ಆಗ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಮಾತ್ರ ಇರುತ್ತಿತ್ತು. ಕನ್ನಡದ ಹಳ್ಳಿಯಲ್ಲಿ ಕೆಲಸ ಮಾಡುವ ಬ್ಯಾಂಕಿಗೆ ಕನ್ನಡದಲ್ಲಿ ಪರೀಕ್ಷೆ ಇರಲಿಲ್ಲ. ಇದನ್ನು ಹಿಡಿದು ಕನ್ನಡದ ಹುಡುಗರು ವರ್ಷಗಟ್ಟಲೆ ಕೂಗಿದರು, ಬ್ಯಾಂಕ್ ಪರೀಕ್ಷೆ ನಡೆಸುವ ಸಂಸ್ಥೆ ಐಬಿಪಿಎಸ್ ಹೆಸರು ಹಿಡಿದು ಟ್ವಿಟರ್‌ನಲ್ಲಿ "ಐಬಿಪಿಎಸ್ ಮೋಸ" ಅಂತ ಅಭಿಯಾನ ಮಾಡಿದರು, ಸಂಸದರ ಬೆನ್ನು ಹತ್ತಿದರು. 2019ರ ಜುಲೈನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲೇ ಹೇಳಿದರು, ಗ್ರಾಮೀಣ ಬ್ಯಾಂಕಿನ ಪರೀಕ್ಷೆ ಇನ್ನು ಮೇಲೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತದೆ ಅಂತ. 2021ರಲ್ಲಿ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಗೂ ಅದೇ ತೀರ್ಮಾನ ಆಯಿತು. ಆಮೇಲೆ ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ, 2024ರ ಜನವರಿಯಿಂದ. ಇದು ಕನ್ನಡದವರಿಗೆ ಮಾತ್ರ ಸಿಕ್ಕಿದ್ದಲ್ಲ, ತೆಲುಗು, ತಮಿಳು, ಮರಾಠಿ, ಒಡಿಯಾ ಮಕ್ಕಳಿಗೂ ಸಿಕ್ಕಿತು. ಫೋನಿನಲ್ಲಿ ಕೂತು ಕೂಗುವುದರಿಂದ ಏನಾಗುತ್ತೆ ಅಂತ ನನಗೂ ಅನುಮಾನ ಇತ್ತು. ಆದರೆ ಇಲ್ಲಿ ಕೇಳಿದ್ದು ಒಂದೇ, ಕೇಳಿದವರು ಬಿಡಲಿಲ್ಲ.

ಆನ್‌ಲೈನಿನಲ್ಲಿ ಸಹಿ ಸಂಗ್ರಹ ಅಂತ ಲಿಂಕ್ ಬಂದಾಗ ನಾನೂ ಒತ್ತುತ್ತೇನೆ. ಆದರೆ ಆ ಸಹಿಗಳನ್ನು ಕೊನೆಗೆ ಯಾರು, ಯಾವ ಮೇಜಿಗೆ, ಯಾವ ದಿನ ಮುಟ್ಟಿಸುತ್ತಾರೆ ಅಂತ ಮೊದಲು ನೋಡಿ. ಅದು ಬರೆದಿಲ್ಲ ಅಂದರೆ ಆ ಲಕ್ಷ ಸಹಿ ನಮ್ಮೂರಿನ ಮೊದಲ ಮನವಿಯ ಹಾಗೆ.

ಕೇಂದ್ರ ಸರ್ಕಾರದ ಕಚೇರಿಗೆ ಬರೆಯಬೇಕಾದರೆ ಜನ ಹೆದರುತ್ತಾರೆ. ಹೋದ ತಿಂಗಳು ಒಬ್ಬ ರೈತರು ರೈಲ್ವೆ ಗೇಟಿನ ವಿಷಯಕ್ಕೆ ಬಂದಿದ್ದರು. "ಇಂಗ್ಲಿಷಲ್ಲೇ ಆಗ್ಬೇಕಂತೆ ಮೇಡಂ, ಯಾರ ಹತ್ರ ಬರೆಸಲಿ?" ಅಂದರು. ಬೇಕಾಗಿಲ್ಲ. ನಮ್ಮ ಸಂವಿಧಾನದ 350ನೇ ವಿಧಿ ಓದಿ. ತನ್ನ ಕುಂದುಕೊರತೆ ಹೇಳಿಕೊಳ್ಳಲು ಯಾರು ಬೇಕಾದರೂ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೆ ಬೇಕಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಕೊಡಬಹುದು ಅಂತ ಅದರಲ್ಲಿದೆ. ಇದನ್ನು ನಾನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ರೈತರ ಅರ್ಜಿಯನ್ನು ಕನ್ನಡದಲ್ಲೇ ಬರೆದು, ಕೊನೆಗೆ ಈ ವಿಧಿಯ ಒಂದು ಸಾಲು ಸೇರಿಸಿ, ಅಂಚೆಯಲ್ಲಿ ಕಳಿಸಿದೆವು. ಅಂಚೆ ರಸೀದಿಯನ್ನು ಕಾಪಿಗೆ ಪಿನ್ ಮಾಡಿಕೊಟ್ಟೆ. ಕೈಯಲ್ಲಿ ಕೊಟ್ಟರೆ ಸೀಲು, ಅಂಚೆಯಲ್ಲಿ ಕಳಿಸಿದರೆ ರಸೀದಿ.

ಬರೆದುಕೊಡುವುದು ಈ ನಾಡಿಗೆ ಹೊಸದೇನೂ ಅಲ್ಲ. 1881ರಲ್ಲೇ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ದರು. ದಸರಾ ಹೊತ್ತಿಗೆ ತಾಲ್ಲೂಕುಗಳಿಂದ ಜನ ಮೈಸೂರಿಗೆ ಹೋಗಿ ತಮ್ಮ ಕಡೆಯ ಅಹವಾಲು ಹೇಳುತ್ತಿದ್ದರು. ಅವತ್ತು ಹೋಗುತ್ತಿದ್ದವರು ಜಮೀನ್ದಾರರು, ಸಾಹುಕಾರರು. ಬಡವರಿಗೆ, ಹೆಂಗಸರಿಗೆ ಅಲ್ಲಿ ಜಾಗ ಇರಲಿಲ್ಲ. ಇವತ್ತು ಹದಿನೇಳು ವರ್ಷದ ಹುಡುಗಿ ಡಿಪೋ ಬೆಂಚಿನ ಮೇಲೆ ಕೂತು ಸೀಲು ಕೇಳುತ್ತಾಳೆ. ಇದನ್ನು ನೆನೆಸಿಕೊಂಡರೆ ನನಗೆ ಖುಷಿಯಾಗುತ್ತದೆ.

ನಮ್ಮ ಬಸ್ಸಿನ ಕಥೆ ಇನ್ನೂ ಮುಗಿದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಉಚಿತ ಆದ ಮೇಲೆ ಬೆಳಗಿನ ಬಸ್ಸು ತುಂಬಿ ತುಳುಕುತ್ತಿದೆ. ಅದು ಒಳ್ಳೆಯದೇ. ಮೊದಲು ಮನೆ ಬಿಟ್ಟು ಹೊರಡದವರೂ ಈಗ ಆಸ್ಪತ್ರೆಗೆ, ಸಂತೆಗೆ, ತವರಿಗೆ ಹೋಗುತ್ತಿದ್ದಾರೆ. ಆದರೆ ಸಂಜೆ ವಾಪಸ್ ಬರಲು ಬಸ್ಸಿಲ್ಲ. ನಾಲ್ಕೂವರೆಗೆ ಕಾಲೇಜು ಬಿಟ್ಟ ಹುಡುಗಿಯರು ಕತ್ತಲಾಗುವವರೆಗೂ ಹೈವೇ ಕ್ರಾಸಿನಲ್ಲಿ ನಿಲ್ಲಬೇಕು. ಅಲ್ಲಿ ಬೀದಿ ದೀಪ ಕೂಡ ಇಲ್ಲ.

ಅದಕ್ಕೆ ಈಗ ಹೊಸ ನೋಟ್‌ಬುಕ್ ಶುರುವಾಗಿದೆ. ಈ ಸಲ ಗೆರೆ ಹಾಕಿದ್ದು ಅವತ್ತು ಕಾಲೇಜು ಬಿಟ್ಟು ಮತ್ತೆ ಸೇರಿದ ಇಬ್ಬರಲ್ಲಿ ಒಬ್ಬಳ ತಂಗಿ. ನಿನ್ನೆ ಸಂಜೆ ನಾನೂ ಕ್ರಾಸಿಗೆ ಹೋಗಿದ್ದೆ. ಮೊಬೈಲ್ ಟಾರ್ಚ್ ಹಿಡಿದು ಬರೆಯುತ್ತಿದ್ದಳು. "ಆರೂ ನಲವತ್ತು, 29 ಜನ, ಬಸ್ಸಿಲ್ಲ." ಶನಿವಾರಕ್ಕೆ ಆರು ದಿನ ಆಗುತ್ತದೆ. ಸೋಮವಾರ ಬೆಳಗ್ಗೆ ಎರಡು ಕಾಪಿ ತೆಗೆದುಕೊಂಡು ಹೋಗುತ್ತೇವೆ. ಬೀದಿ ದೀಪದ್ದು ಬೇರೆ ಅರ್ಜಿ, ಅದು ಪಂಚಾಯಿತಿಗೆ.